ಮರಿಕುದುರೆಯ ಮೂತಿಯ ನರಹುಲಿ: ಮದ್ದಿಗಿಂತ ತಾಳ್ಮೆ ಮೇಲು

ತಾಯಿಯ ಹಾಲು ಬಿಟ್ಟು ಓರಗೆಯ ಮರಿಗಳ ಜೊತೆ ಮೇಯತೊಡಗಿದ ಕುದುರೆಮರಿಯ ಮೂತಿಯ ಮೇಲೆ ಎರಡು-ಮೂರು ಸಣ್ಣ ಗಂಟುಗಳು ಏಳುತ್ತವೆ. ಕೆಲವೇ ವಾರಗಳಲ್ಲಿ ತುಟಿ, ಮೂಗಿನ ಹೊಳ್ಳೆಯ ಅಂಚು, ಕೆಲವೊಮ್ಮೆ ಕಣ್ಣಿನ ಸುತ್ತಲೂ ಹಬ್ಬಿ ಹತ್ತಾರು ಆಗುತ್ತವೆ. ಬೂದು ಇಲ್ಲವೆ ನಸುಗೆಂಪು ಬಣ್ಣ, ಹೂಕೋಸಿನಂತೆ ಒರಟು ಮೈ, ಸುಮಾರು 2 ಮಿಲಿಮೀಟರ್‌ನಿಂದ 2 ಸೆಂಟಿಮೀಟರ್‌ವರೆಗಿನ ಗಾತ್ರ. ನೋಡಿದವರಿಗೆ ಗಾಬರಿಯಾಗುತ್ತದೆ, ಆದರೆ ಮರಿಗೆ ನೋವೂ ಇಲ್ಲ, ತುರಿಕೆಯೂ ಇಲ್ಲ. ಮೇವು, ನೀರು, ಓಟ ಎಲ್ಲವೂ ಎಂದಿನಂತೆಯೇ ಇರುತ್ತವೆ. ಇದು ನರಹುಲಿ. ಬಂದಂತೆಯೇ ಹೋಗುತ್ತದೆ. ಸಾಕುವವರ ಪಾಲಿಗೆ ಉಳಿಯುವ ಕೆಲಸ ಎರಡು: ಅದು ನರಹುಲಿಯೇ ಹೌದೆಂದು ಖಚಿತಪಡಿಸಿಕೊಳ್ಳುವುದು, ಉಳಿದ ಮರಿಗಳಿಗೆ ಹರಡದಂತೆ ನೋಡಿಕೊಳ್ಳುವುದು.

ಬರುವುದು ಹೇಗೆ?

ಇದಕ್ಕೆ ಕಾರಣ ಪ್ಯಾಪಿಲೋಮಾ ಎಂಬ ವೈರಸ್. ಮನುಷ್ಯರಲ್ಲಿ ನರಹುಲಿ ತರುವುದೂ ಇದೇ ಕುಟುಂಬದ ವೈರಸ್ಸೇ. ಆದರೆ ಕುದುರೆಯದು ಬೇರೆ ಬಗೆ. ಅದು ಲಾಯದಲ್ಲಿ ಕೆಲಸ ಮಾಡುವವರಿಗಾಗಲಿ, ಪಕ್ಕದಲ್ಲಿ ಕಟ್ಟಿದ ದನಕ್ಕಾಗಲಿ ಅಂಟುವುದಿಲ್ಲ.

ಗಟ್ಟಿಯಾದ ಚರ್ಮದ ಮೂಲಕ ಈ ವೈರಸ್ ಒಳಹೋಗಲಾರದು, ಅದಕ್ಕೊಂದು ತರಚು ಬೇಕು. ಮರಿಗಳು ಸಿಕ್ಕಿದ್ದನ್ನೆಲ್ಲ ಮೂತಿಯಿಂದಲೇ ಮುಟ್ಟಿ ನೋಡುತ್ತವೆ. ಒರಟು ಹುಲ್ಲು, ಮುಳ್ಳು, ಬೇಲಿ, ಬಾನಿಯ ಅಂಚು ತಾಗಿ ಅಲ್ಲಿನ ತೆಳು ಚರ್ಮ ಕಣ್ಣಿಗೆ ಕಾಣದಷ್ಟು ಗೀರಿಕೊಳ್ಳುತ್ತದೆ. ಆ ಗೀರಿನಿಂದ ಇಳಿದ ವೈರಸ್ ಚರ್ಮದ ತಳಪದರದ ಜೀವಕೋಶಗಳನ್ನು ಸೇರಿ, ಅವು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಹೊರಪದರ ದಪ್ಪವಾಗಿ ಗಂಟು ಕಟ್ಟುತ್ತದೆ. ಸೋಂಕು ತಗುಲಿ ಗಂಟು ಕಾಣಿಸಿಕೊಳ್ಳಲು ಸುಮಾರು 2 ತಿಂಗಳು ಬೇಕು. ಹಾಗಾಗಿ ಒಂದು ಮರಿಯಲ್ಲಿ ನರಹುಲಿ ಕಂಡಾಗ ಜೊತೆಯ ಮರಿಗಳಿಗೆ ಅದು ಆಗಲೇ ತಗುಲಿರಬಹುದು.

ಹೆಚ್ಚಾಗಿ ಕಾಣಿಸುವುದು 3 ವರ್ಷದೊಳಗಿನ ಕುದುರೆಗಳಲ್ಲಿ, ಅವುಗಳ ದೇಹ ಈ ವೈರಸ್ಸನ್ನು ಹಿಂದೆಂದೂ ಕಂಡಿರುವುದಿಲ್ಲ. ರೇಸ್ ಕುದುರೆಗಳನ್ನು ಬೆಳೆಸಿದ ಕುಣಿಗಲ್‌ನಂಥ ದೊಡ್ಡ ಸ್ಟಡ್ ಫಾರಂಗಳಲ್ಲಿ ಹಾಲು ಬಿಟ್ಟ ಮರಿಗಳು ಗುಂಪಾಗಿಯೇ ಬೆಳೆಯುತ್ತವೆ. ಒಂದೇ ಬಾನಿಯಲ್ಲಿ ತಿನ್ನುತ್ತವೆ, ಒಂದರ ಮೂತಿಯನ್ನು ಇನ್ನೊಂದು ಮೂಸುತ್ತದೆ. ವೈರಸ್ಸಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಹೋಗುವುದು ಹೇಗೆ?

ಈ ವೈರಸ್ ರಕ್ತಕ್ಕೆ ಇಳಿಯದೆ ಚರ್ಮದಲ್ಲೇ ಉಳಿಯುವುದರಿಂದ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತಿಸಲು ತಡವಾಗುತ್ತದೆ. ಒಮ್ಮೆ ಗುರುತಿಸಿತೆಂದರೆ ಅಷ್ಟೂ ಗಂಟುಗಳು ಹೆಚ್ಚುಕಡಿಮೆ ಒಟ್ಟಿಗೇ ಒಣಗಿ ಉದುರುತ್ತವೆ. ಸಾಮಾನ್ಯವಾಗಿ 3-4 ತಿಂಗಳಲ್ಲಿ ಇದು ಮುಗಿಯುತ್ತದೆ, ಕೆಲವು ಮರಿಗಳಲ್ಲಿ 9 ತಿಂಗಳವರೆಗೂ ಎಳೆಯಬಹುದು. ಕಲೆ ಉಳಿಯುವುದು ಅಪರೂಪ. ಒಮ್ಮೆ ವಾಸಿಯಾದ ಕುದುರೆಗೆ ಮತ್ತೆ ಬರುವುದೂ ಅಪರೂಪ.

ನಾಟಿ ಮದ್ದುಗಳಿಗೆ ಹೆಸರು ಬಂದಿರುವುದು ಇದರಿಂದಲೇ. ಗಂಟು ತಾನಾಗಿ ಉದುರುವ ಹೊತ್ತಿಗೆ ಯಾವ ಮದ್ದು ಹಚ್ಚಿದ್ದರೋ ಅದೇ ಗುಣ ಮಾಡಿತೆಂದು ನಂಬುತ್ತೇವೆ. ಮನುಷ್ಯರ ನರಹುಲಿಗೆ ಸುಣ್ಣ-ಸೋಡಾ ಹಚ್ಚುವುದು, ಕುದುರೆ ಬಾಲದ ಕೂದಲು ಬಿಗಿಯುವುದು ನಮ್ಮಲ್ಲಿ ಹಳೆಯ ರೂಢಿ. ಮರಿಯ ಮೂತಿಗೆ ಇವು ಬೇಡ. ಸುಣ್ಣ ಕಣ್ಣಿಗೋ ಬಾಯಿಗೋ ಹೋದರೆ ಸುಡುತ್ತದೆ, ಕಟ್ಟಿದ ಗಂಟು ಹರಿದರೆ ಗಾಯವಾಗಿ ನೊಣ ಮುತ್ತುತ್ತದೆ. ಒಂದೆರಡನ್ನು ಚಿವುಟಿದರೆ ಉಳಿದವೂ ಬೇಗ ಹೋಗುತ್ತವೆ ಎಂಬ ಮಾತಿಗೂ ಗಟ್ಟಿ ಆಧಾರವಿಲ್ಲ. ಗಂಟು ಲಗಾಮಿಗೆ ತಾಗಿ ರಕ್ತ ಬರುತ್ತಿದ್ದರೆ, ತಿನ್ನಲು ಅಡ್ಡಿಯಾದರೆ, ಪಶುವೈದ್ಯರು ಅದನ್ನು ಹೆಪ್ಪುಗಟ್ಟಿಸಿಯೋ ಕತ್ತರಿಸಿಯೋ ತೆಗೆಯುತ್ತಾರೆ.

ಹರಡದಂತೆ ತಡೆಯಲು

• ನರಹುಲಿ ಇರುವ ಮರಿಗೆ ಬಕೆಟ್ಟು, ಮೈಯುಜ್ಜುವ ಬ್ರಷ್ಷು, ಮುಖಕ್ಕೆ ಕಟ್ಟುವ ಹಗ್ಗ, ಒರೆಸುವ ಬಟ್ಟೆ ಎಲ್ಲವನ್ನೂ ಬೇರೆಯಾಗಿಡಿ.
• ಲಾಯದ ಕೆಲಸದಲ್ಲಿ ಆ ಮರಿಯನ್ನು ಕೊನೆಗೆ ಮುಟ್ಟಿ, ಆಮೇಲೆ ಕೈ ತೊಳೆದುಕೊಳ್ಳಿ.
• ಈ ವೈರಸ್ ಲಾಯದಲ್ಲಿ ವಾರಗಟ್ಟಲೆ ಬದುಕಬಲ್ಲದು, ಎಲ್ಲ ಫಿನಾಯಿಲಿಗೂ ಸಾಯುವುದಿಲ್ಲ. ಮೊದಲು ಕೊಳೆಯನ್ನು ಉಜ್ಜಿ ತೊಳೆಯಿರಿ, ಯಾವ ಸೋಂಕುನಾಶಕ ಬಳಸಬೇಕೆಂದು ವೈದ್ಯರನ್ನೇ ಕೇಳಿ.
• ಮೂತಿಗೆ ತರಚುವ ಮೊಳೆ, ತಂತಿ, ಒಡೆದ ಬಾನಿಯನ್ನು ಸರಿಪಡಿಸಿ. ನೊಣ ಹತೋಟಿಯಲ್ಲಿರಲಿ.

ನರಹುಲಿ ಅಲ್ಲದಿದ್ದರೆ?

ತಾಳ್ಮೆ ಸಲ್ಲುವುದು ನರಹುಲಿಗೆ ಮಾತ್ರ, ಹಾಗೆ ಕಾಣುವ ಎಲ್ಲಕ್ಕೂ ಅಲ್ಲ. ಬೆಳೆದ ಕುದುರೆಯಲ್ಲಿ ಹೊಸದಾಗಿ ಒಂದೇ ಗಂಟು ಎದ್ದು ಬೆಳೆಯುತ್ತಲೇ ಇದ್ದರೆ, ಹುಣ್ಣಾಗಿ ಒಸರುತ್ತಿದ್ದರೆ, ಅದು ಸಾರ್ಕಾಯ್ಡ್ ಇರಬಹುದು. ಕುದುರೆಗಳಲ್ಲಿ ಅತಿ ಹೆಚ್ಚು ಕಾಣುವ ಚರ್ಮದ ಗಡ್ಡೆ ಅದು. ದನಗಳ ಪ್ಯಾಪಿಲೋಮಾ ವೈರಸ್ಸಿಗೂ ಅದಕ್ಕೂ ನಂಟಿದೆ. ಸಾಮಾನ್ಯವಾಗಿ ತಾನಾಗಿ ಹೋಗುವುದಿಲ್ಲ, ಕೆದಕಿದರೆ ಇನ್ನಷ್ಟು ಕೆರಳುತ್ತದೆ. ಕಿವಿಯ ಒಳಗೆ ಬಿಳಿ ಪದರದಂತೆ ಕಟ್ಟುವುದು ಇದೇ ಕುಟುಂಬದ ಬೇರೆ ವೈರಸ್ಸಿನಿಂದ. ಅದು ಉದುರದೆ ಉಳಿದರೂ ಅಪಾಯವಿಲ್ಲ. ಕೂದಲು ದುಂಡಗೆ ಉದುರಿದ್ದರೆ ಹುಳುಕಡ್ಡಿ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಹೊಳ್ಳೆಯ ಒಳಗಿನ ಗಂಟು ಮತ್ತು ಹುಣ್ಣಿನ ಬಗ್ಗೆ. ಜೊತೆಗೆ ಜ್ವರ, ಅಂಟು ಸಿಂಬಳವೂ ಇದ್ದರೆ ಗ್ಲ್ಯಾಂಡರ್ಸ್ ಶಂಕೆ ಪಡಬೇಕು. ಮನುಷ್ಯರಿಗೂ ಹರಡಿ ಜೀವ ತೆಗೆಯಬಲ್ಲ ರೋಗ ಅದು. ಕುದುರೆಯನ್ನು ಪ್ರತ್ಯೇಕವಾಗಿ ಕಟ್ಟಿ, ಕೂಡಲೇ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು.

ಆದ್ದರಿಂದ ಮೊದಲ ಸಲ ಗಂಟು ಕಂಡಾಗ ಒಮ್ಮೆ ಪಶುವೈದ್ಯರಿಗೆ ತೋರಿಸಿ. ನರಹುಲಿ ಎಂದು ಅವರು ಹೇಳಿದ ಮೇಲೆ ಎರಡು ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೆಚ್ಚಿತೇ, ನಿಂತಿತೇ, ಕುಗ್ಗಿತೇ ಎಂದು ಹೋಲಿಸಿ ನೋಡಬಹುದು. 9 ತಿಂಗಳು ದಾಟಿದರೂ ಹೋಗದಿದ್ದರೆ ಮತ್ತೆ ತೋರಿಸಿ. ಅಲ್ಲಿಯವರೆಗೆ ಮರಿ ಚೆನ್ನಾಗಿ ಮೇಯುತ್ತ ಆಡಿಕೊಂಡಿದ್ದರೆ ಸಾಕು.