ಓದು ಹೊರೆಯಾಗದಿರಲಿ, ಸಂತಸವಾಗಲಿ

ಪಠ್ಯಪುಸ್ತಕವಷ್ಟೇ ಓದು ಎಂದುಕೊಂಡ ಮಗು ಪರೀಕ್ಷೆ ಮುಗಿದೊಡನೆ ಪುಸ್ತಕ ಬಿಡುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಮಕ್ಕಳು ಚೆನ್ನಮ್ಮ, ರಾಯಣ್ಣರ ಕಥೆ ಕೇಳುತ್ತಲೇ ಬೆಳೆಯುತ್ತಾರೆ. 1824ರ ಕಿತ್ತೂರು ಯುದ್ಧದ ಕಥೆಯನ್ನು ಕೇಳಿ ಬಲ್ಲ ಮಗು, ಅದನ್ನೇ ಪುಸ್ತಕದಲ್ಲಿ ಕಂಡಾಗ ಕಷ್ಟದ ಪದವನ್ನೂ ಊಹಿಸಿ ಓದುತ್ತದೆ. ಓದಿಗೆ ಇದೇ ಒಳ್ಳೆಯ ಆರಂಭ.

ಪುಸ್ತಕ ಕೊಳ್ಳಲು ಹಣವಿಲ್ಲವೆಂಬ ಚಿಂತೆ ಬೇಡ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಧರ್ಮಕೇಂದ್ರಗಳ ಕಾರ್ಯಕರ್ತರು ಮನೆಭೇಟಿಯ ವೇಳೆ ಇದನ್ನು ತಿಳಿಸಬೇಕು.

ಕುಟುಂಬ ಪ್ರಾರ್ಥನೆಯ ಬಳಿಕ ಹತ್ತು ನಿಮಿಷ ಮೊಬೈಲ್ ಬದಿಗಿಟ್ಟು, ಮಗು ಓದುವುದನ್ನು ಕೇಳಿರಿ. ಅಕ್ಷರ ಬಾರದ ತಾಯಿಯೂ ಕೇಳಬಲ್ಲಳು. ತಪ್ಪು ಹುಡುಕಬೇಡಿ, "ಮುಂದೇನಾಯಿತು?" ಎಂದು ಕೇಳಿರಿ. ಆ ಪ್ರಶ್ನೆಯೇ ನಾಳೆ ಮಗುವನ್ನು ಮತ್ತೆ ಪುಸ್ತಕದತ್ತ ಕರೆತರುತ್ತದೆ.