ಹಳೆಯ ಕಡತದ ‘ಹುಚ್ಚು’ ಮತ್ತು ಇಂದಿನ ಸ್ಕಿಜೋಫ್ರೇನಿಯ

ವೈದ್ಯಶಾಸ್ತ್ರದ ಗೊಡವೆ ಇತಿಹಾಸದವರಿಗೇಕೆ ಎಂದು ವಾಚಕರು ಕೇಳಬಹುದು. ಹಳೆಯ ಕಾಗದಪತ್ರಗಳಲ್ಲಿ ‘ಹುಚ್ಚ’, ‘ಬುದ್ಧಿಭ್ರಮಣೆಯಾದವ’ ಎಂಬ ಮಾತು ದೊರೆತೊಡನೆ ಅದಕ್ಕೆ ಸ್ಕಿಜೋಫ್ರೇನಿಯ ಎಂಬ ಹೆಸರನ್ನು ಅಂಟಿಸುವ ಚಾಪಲ್ಯವನ್ನು ನಾವು ವಿದ್ಯಾರ್ಥಿಗಳಲ್ಲಿ ಕಂಡಿದ್ದೇವೆ. ಇದು ಸಲ್ಲದು.

ಜರ್ಮನಿಯ ಕ್ರೇಪೆಲಿನ್ನನು 19ನೆಯ ಶತಮಾನದ ಕೊನೆಗೆ ಈ ರೋಗವನ್ನು ‘ಅಕಾಲ ಬುದ್ಧಿಕ್ಷಯ’ವೆಂದು ಬಗೆದು, ಉನ್ಮಾದ-ಖಿನ್ನತೆಗಳ ರೋಗದಿಂದ ಬೇರ್ಪಡಿಸಿದನು. ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು 1908ರಲ್ಲಿ ಸ್ಕಿಜೋಫ್ರೇನಿಯ ಎಂಬ ಪದವನ್ನು ಬಳಕೆಗೆ ತಂದನು. ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುವುದೆಂದು ಇದರ ಅರ್ಥವಲ್ಲ. ವಿಚಾರ, ಭಾವನೆ, ಸಂಕಲ್ಪಗಳ ಹೊಂದಿಕೆ ಕಡಿದುಹೋಗುವುದೆಂದು ಅರ್ಥ. ಇಲ್ಲದ ದನಿ ಕೇಳಿಸುವುದು, ಅಲುಗದ ಮಿಥ್ಯಾನಂಬಿಕೆ, ಮಾತಿನ ಅಸಂಬದ್ಧತೆ, ಉತ್ಸಾಹಹೀನತೆ ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ಇದನ್ನು ನಿರ್ಣಯಿಸಲು ಬರುವುದಿಲ್ಲ. ಮನೆಯವರ ಹೇಳಿಕೆ, ವೈದ್ಯರ ಅವಲೋಕನ, ಕಾಲಾವಧಿ ಇವೇ ಆಧಾರಗಳು. ಅಪಸ್ಮಾರ, ಜ್ವರ, ಮಾದಕವಸ್ತುಗಳಿಂದ ಹುಟ್ಟಿದ ಭ್ರಮೆಯನ್ನೂ, ಕೆಲವೇ ದಿನಗಳಲ್ಲಿ ಇಳಿಯುವ ಮನೋವಿಕಾರವನ್ನೂ ಮೊದಲು ಬೇರ್ಪಡಿಸಬೇಕು. ಕಡತದ ಒಂದು ಶಬ್ದ ಇಷ್ಟೆಲ್ಲ ಭಾರವನ್ನು ಹೊರಲಾರದು.

ನಮ್ಮ ಭಾಗಕ್ಕೆ ಬರೋಣ. ಜಮಖಂಡಿ, ಮುಧೋಳಗಳು 1948ರವರೆಗೆ ಸಂಸ್ಥಾನಗಳಾಗಿದ್ದವು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ ಮನೋರೋಗಿಗಳ ಆಶ್ರಯಾಲಯವು 1845ರಲ್ಲಿ ಆರಂಭವಾಗಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ರಬಕವಿ-ಬನಹಟ್ಟಿಯ ನೇಕಾರನ ಮನೆಗೆ ಎರಡೂ ದೂರವೇ. ಈ ರೋಗ ತಲೆದೋರುವುದು ಬಹುಮಟ್ಟಿಗೆ ಹರೆಯದಲ್ಲಿ, ಮಗ ಮಗ್ಗಕ್ಕೆ ಕೂಡುವ ವಯಸ್ಸಿನಲ್ಲಿ. ಒಬ್ಬನನ್ನು ಆಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಹೊರಟರೆ ಮಗ್ಗಗಳು ನಿಂತವೆಂದೇ ಲೆಕ್ಕ.

ಆಸ್ಪತ್ರೆಯ ಸಂಶೋಧನೆಗೆ ಸಿಗುವವರು ಆಸ್ಪತ್ರೆಗೆ ಬಂದವರು ಮಾತ್ರ. ಆದಕಾರಣ ನಿಮ್ಹಾನ್ಸಿನ ವೈದ್ಯರು ಈ ಶತಮಾನದ ಮೊದಲ ದಶಕದಲ್ಲಿ ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿಯೇ ರೋಗಿಗಳನ್ನು ಹುಡುಕಿ ಅಭ್ಯಾಸ ಮಾಡಿದರು. ಔಷಧ ಕಾಣದವರ ಅಸಾಮರ್ಥ್ಯವು ಔಷಧ ಪಡೆದವರದಕ್ಕಿಂತ ಹೆಚ್ಚೆಂದು ಕಂಡುಬಂದಿತು. ಇದು ಸಣ್ಣ ಮಾತಲ್ಲ. 1960ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯು ಆಗ್ರಾ ಸೇರಿ 9 ಕೇಂದ್ರಗಳಲ್ಲಿ ಕೈಗೊಂಡ ಅಭ್ಯಾಸದಲ್ಲಿ, ಹಿಂದುಳಿದ ದೇಶಗಳ ರೋಗಿಗಳೇ ಹೆಚ್ಚಾಗಿ ಚೇತರಿಸಿಕೊಂಡಂತೆ ತೋರಿತ್ತು. ಕೂಡುಕುಟುಂಬವೂ ಹಳ್ಳಿಯ ಬಾಳೂ ತಾವೇ ಔಷಧವೆಂದು ಅದರಿಂದ ಹಲವರು ಅನುಮಾನಿಸಿದರು. ನಾವೂ ತರಗತಿಯಲ್ಲಿ ಹಾಗೆಯೇ ಹೇಳಿದ್ದುಂಟು. ಆ ಮಾತನ್ನು ಈಗ ತಿದ್ದಿಕೊಳ್ಳುತ್ತೇವೆ. ಮನೆಯವರ ಆರೈಕೆ ಬೇಕು, ಔಷಧಕ್ಕೆ ಬದಲಾಗಿ ಅಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥ ಅಭ್ಯಾಸ ನಡೆಯುವುದಾದರೆ, ರೋಗಿಯ ಹೆಸರಿನ ಬಳಿಕ ಬರೆಯಬೇಕಾದ ಮೊದಲ ಅಂಕಣವು ಇದು: ಮೊದಲ ಲಕ್ಷಣ ಕಂಡ ದಿನದಿಂದ ಮೊದಲ ಔಷಧದವರೆಗೆ ಕಳೆದ ತಿಂಗಳುಗಳು.