ಕೊಬ್ಬರಿ ಮಿಠಾಯಿಗೆ ಚಾಕೊಲೇಟಿನ ಹೊದಿಕೆ



ಕೊಬ್ಬರಿ ಮಿಠಾಯಿ ನಮ್ಮ ಹಾಲಹರವಿಗೆ ಹೊಸದಲ್ಲ. ಅದಕ್ಕೆ ಚಾಕೊಲೇಟು ಹೊದಿಸಿದರೆ? ಇಂಗ್ಲೆಂಡಿನಲ್ಲಿ ಮಾರ್ಸ್ ಕಂಪನಿ 1951ರಲ್ಲಿ ಅಂಥದ್ದನ್ನೇ ‘ಬೌಂಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಒಣ ಕೊಬ್ಬರಿ ತುರಿಗೆ ಸಕ್ಕರೆ ಪಾಕ ಬೆರೆಸಿ, ಒತ್ತಿ, ಉದ್ದನೆಯ ತುಂಡು ಮಾಡುತ್ತಾರೆ. ಮೇಲಿಂದ ಸುರಿಯುವ ಕರಗಿದ ಚಾಕೊಲೇಟಿನಡಿ ಅದನ್ನು ಹಾಯಿಸಿ ತಣಿಸುತ್ತಾರೆ.

ಚಾಕೊಲೇಟಿಗೆ ಕೋಕೋ ಬೀಜ ಬೇಕು. ದಕ್ಷಿಣ ಕನ್ನಡ, ಕಾಸರಗೋಡಿನ ರೈತರು ಅಡಿಕೆ, ತೆಂಗಿನ ನೆರಳಿನಲ್ಲಿ ಕೋಕೋ ಬೆಳೆದರು. 1980ರ ಸುಮಾರಿಗೆ ಬೆಲೆ ಕುಸಿಯಿತು. ಕೊಳ್ಳುವವರು ಹಿಂದೆ ಸರಿದರು. ಬೆಲೆ ಬಿದ್ದ ದಿನದ ಸಂಕಟ ಹತ್ತಿ, ಶೇಂಗಾ ಬೆಳೆಯುವ ನಮಗೂ ಗೊತ್ತು. ಆಗ ಕೈಹಿಡಿದದ್ದು 1973ರಲ್ಲಿ ಹುಟ್ಟಿದ್ದ, ಕರ್ನಾಟಕ-ಕೇರಳ ಎರಡೂ ಕಡೆಯ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಬೀಜ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಗಡಿ ಅಡ್ಡ ಬರಲಿಲ್ಲ.